ಸಮತೆಯ ದೃಷ್ಟಿಯಿಂದ ಶಾಲೆ ನಡೆಸುವುದು: ಕೊಡಗಿನ ಹೊಸ ಮುಖ್ಯ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸಹಶಿಕ್ಷಕರಾಗಿ ಹತ್ತಾರು ವರ್ಷ ಪಾಠ ಹೇಳಿ, ಒಂದು ದಿನ ಆದೇಶಪತ್ರದೊಡನೆ ಮುಖ್ಯ ಶಿಕ್ಷಕರ ಕುರ್ಚಿಗೆ ಬಂದವರ ಕೈಗೆ ಮೊದಲು ಸಿಗುವುದು ಬೀಗದ ಕೈಗಳ ಗೊಂಚಲು, ದಾಸ್ತಾನು ವಹಿ ಮತ್ತು ಇಲಾಖೆಗೆ ಕಳುಹಿಸದೆ ಬಾಕಿ ಉಳಿದ ನಮೂನೆಗಳು. ಈ ಶಾಲೆಯಲ್ಲಿ ಯಾವ ಮಕ್ಕಳು ಹಿಂದೆ ಬಿದ್ದಿದ್ದಾರೆ, ಏಕೆ ಬಿದ್ದಿದ್ದಾರೆ ಎಂಬ ಪಟ್ಟಿ ಯಾವ ಪ್ರಭಾರ ಹಸ್ತಾಂತರದಲ್ಲಿಯೂ ಇರುವುದಿಲ್ಲ. ಆ ಪಟ್ಟಿಯನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕಾದವರಿಗಾಗಿ, ಹಾಗೂ ಅಂಥವರನ್ನು ತರಬೇತುಗೊಳಿಸುವ ಹೊಣೆ ಹೊತ್ತವರಿಗಾಗಿ, ಕೊಡಗಿನ ಶಾಲೆಗಳ ಸಂದರ್ಭದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಡನೆ ಕೊಡಲಾಗಿದೆ.

ಸಮತೆ ಎಂದರೇನು? ಎಲ್ಲ ಮಕ್ಕಳನ್ನೂ ಒಂದೇ ರೀತಿ ನೋಡಿಕೊಂಡರೆ ಸಾಲದೆ?

ಸಾಲದು ಎಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಪ್ರಭಾರ ವಹಿಸಿಕೊಂಡ ಮೊದಲ ವರ್ಷ, ಒಂದು ದಿನವೂ ತಪ್ಪದೆ ಶಾಲೆಗೆ ಬಂದ ಮಕ್ಕಳಿಗೆ ಬಹುಮಾನ ಕೊಡುವುದಾಗಿ ಪ್ರಾರ್ಥನಾ ಸಭೆಯಲ್ಲಿ ಘೋಷಿಸಿದೆ. ನಿಯಮ ಎಲ್ಲರಿಗೂ ಒಂದೇ ಆಗಿತ್ತು. ಮಾರ್ಚ್‌ನಲ್ಲಿ ಬಹುಮಾನ ಪಡೆದವರೆಲ್ಲರೂ ಡಾಂಬರು ರಸ್ತೆಯ ಬದಿಯ ಮನೆಗಳವರು. ತೋಟದ ಒಳಗೆ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಿಂದ, ಕಾಡಂಚಿನ ಆದಿವಾಸಿ ಹಾಡಿಯಿಂದ ಬರುವ ಒಂದು ಮಗುವೂ ಆ ಸಾಲಿನಲ್ಲಿ ಇರಲಿಲ್ಲ. ಹೊಳೆ ತುಂಬಿದ ದಿನ, ಆನೆ ದಾರಿಯಲ್ಲಿ ನಿಂತ ದಿನ, ಇದ್ದ ಒಂದು ಜೊತೆ ಸಮವಸ್ತ್ರ ಒಣಗದ ದಿನ ಆ ಮಕ್ಕಳು ಬಂದಿರಲಿಲ್ಲ. ನಾನು ಬಹುಮಾನ ಕೊಟ್ಟದ್ದು ಮಕ್ಕಳ ಶ್ರದ್ಧೆಗಲ್ಲ, ಅವರ ಮನೆಯ ವಿಳಾಸಕ್ಕೆ.

ಎಲ್ಲರಿಗೂ ಒಂದೇ ಅಳತೆಯನ್ನು ಹಿಡಿಯುವುದು ಸಮಾನತೆ. ಒಂದೇ ಕಲಿಕೆಯ ಮಟ್ಟವನ್ನು ಎಲ್ಲರೂ ಮುಟ್ಟುವಂತೆ, ಯಾರಿಗೆ ಏನು ಕೊರತೆಯಿದೆಯೋ ಅದನ್ನು ತುಂಬಿಕೊಡುವುದು ಸಮತೆ. ಗುರಿಯನ್ನು ಕೆಳಗಿಳಿಸುವುದು ಸಮತೆಯಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ‘ಪಾಪ, ಹಾಡಿಯ ಮಗು, ಓದಲು ಬರದಿದ್ದರೂ ಪರವಾಗಿಲ್ಲ’ ಎನ್ನುವ ಕನಿಕರವು ಬೈಗುಳಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಕೊಡಗು ಸಾಕಷ್ಟು ಮುಂದುವರಿದ ಜಿಲ್ಲೆ. ಇಲ್ಲಿ ಈ ವಿಷಯಕ್ಕೆ ಇಷ್ಟು ಒತ್ತು ಏಕೆ?

ಜಿಲ್ಲೆಯ ಸರಾಸರಿ ಚೆನ್ನಾಗಿರುವುದೇ ಇಲ್ಲಿನ ತೊಡಕು. ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯಲ್ಲಿ ಕೊಡಗು ಇತ್ತೀಚಿನ ವರ್ಷಗಳಲ್ಲಿ ಮೇಲಿನ ಸಾಲಿನ ಜಿಲ್ಲೆಗಳ ನಡುವೆ ಕಾಣಿಸಿಕೊಂಡಿದೆ. ಆದರೆ ಆ ಪಟ್ಟಿಯು ಹತ್ತನೆಯ ತರಗತಿಯವರೆಗೆ ಬಂದು ಪರೀಕ್ಷೆಗೆ ಕುಳಿತವರನ್ನು ಮಾತ್ರ ಎಣಿಸುತ್ತದೆ. ಐದರಲ್ಲಿಯೋ ಏಳರಲ್ಲಿಯೋ ಶಾಲೆ ಬಿಟ್ಟವರನ್ನು ಅದು ಎಣಿಸುವುದಿಲ್ಲ. ಒಂದೇ ಶಾಲೆಯ ಸುತ್ತ ಮೂರು ನಾಲ್ಕು ಮೈಲಿಯೊಳಗೆ ತೋಟದ ಮಾಲೀಕರ ಮನೆಗಳು, ಸಣ್ಣ ಹಿಡುವಳಿದಾರರು, ತಲೆಮಾರುಗಳಿಂದ ಲೈನ್ ಮನೆಗಳಲ್ಲಿರುವ ಕಾರ್ಮಿಕರು, ಅಸ್ಸಾಂ ಮತ್ತು ಬಂಗಾಳದ ಕಡೆಯಿಂದ ಬಂದ ಹೊಸ ಕಾರ್ಮಿಕರು, ಜೇನು ಕುರುಬ, ಬೆಟ್ಟ ಕುರುಬ ಮತ್ತು ಎರವರ ಹಾಡಿಗಳು ಇರುವ ಪ್ರದೇಶ ಇದು. ಅನುಕೂಲಸ್ಥರು ತಮ್ಮ ಮಕ್ಕಳನ್ನು ಪಟ್ಟಣದ ಆಂಗ್ಲ ಮಾಧ್ಯಮ ಶಾಲೆಗಳಿಗೆ ವ್ಯಾನಿನಲ್ಲಿ ಕಳುಹಿಸಿಯಾದ ಮೇಲೆ, ಸರ್ಕಾರಿ ಶಾಲೆಯಲ್ಲಿ ಉಳಿದಿರುವುದು ಹೆಚ್ಚಾಗಿ ಬೇರೆ ದಾರಿಯಿಲ್ಲದ ಕುಟುಂಬಗಳ ಮಕ್ಕಳು. ಜೇನು ಕುರುಬರನ್ನು ಕೇಂದ್ರ ಸರ್ಕಾರವು ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳ ಪಟ್ಟಿಯಲ್ಲಿ ಸೇರಿಸಿದೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವ ಇನ್ನೊಂದು ಸಮುದಾಯ ಕೊರಗರದು.

ಇದರ ಮೇಲೆ ಸ್ಥಳಾಂತರಗಳೂ ಸೇರಿವೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಿಂದ ತೆರವುಗೊಂಡ ಆದಿವಾಸಿ ಕುಟುಂಬಗಳು ಮುಂದೆ ಕುಶಾಲನಗರದ ಕಡೆಯ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಕ್ಕೆ ಬಂದವು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು ಮೊದಲಾದೆಡೆ ಮನೆಗಳಾದವು. ಪ್ರತಿ ಸ್ಥಳಾಂತರದಲ್ಲಿಯೂ ಮಕ್ಕಳು ಶಾಲೆ ಬದಲಿಸಿದರು. ಹೊಸ ಶಾಲೆಯ ಬಾಗಿಲಲ್ಲಿ ಅವರನ್ನು ಬರಮಾಡಿಕೊಂಡದ್ದು ಒಬ್ಬ ಮುಖ್ಯ ಶಿಕ್ಷಕರ ಮಾತು.

ನೇಮಕ, ವರ್ಗಾವಣೆ, ಅನುದಾನ ಯಾವುದೂ ನಮ್ಮ ಕೈಯಲ್ಲಿಲ್ಲ. ಹಾಗಿದ್ದ ಮೇಲೆ ಮುಖ್ಯ ಶಿಕ್ಷಕರು ಏನು ಮಾಡಲು ಸಾಧ್ಯ?

ದೊಡ್ಡ ನಿರ್ಧಾರಗಳು ಕೈಯಲ್ಲಿಲ್ಲ ಎಂಬುದು ನಿಜ. ಆದರೆ ಮಗುವಿನ ದಿನವನ್ನು ರೂಪಿಸುವುದು ಬಹುಮಟ್ಟಿಗೆ ಸಣ್ಣ ನಿರ್ಧಾರಗಳು, ಮತ್ತು ಅವೆಲ್ಲವೂ ಶಾಲೆಯ ಒಳಗೇ ಆಗುತ್ತವೆ. ಒಂದನೆಯ ತರಗತಿಗೆ ಯಾವ ಶಿಕ್ಷಕರನ್ನು ಹಾಕುವುದು? ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸುವುದೋ ಒಳಗೆ ಕೂರಿಸುವುದೋ? ಪೋಷಕರ ಸಭೆಯನ್ನು ಯಾವ ದಿನ, ಎಷ್ಟು ಗಂಟೆಗೆ ಕರೆಯುವುದು? ಪ್ರತಿಭಾ ಕಾರಂಜಿಗೆ ಯಾವ ಮಕ್ಕಳನ್ನು ಆರಿಸುವುದು? ವಿದ್ಯಾರ್ಥಿವೇತನದ ಅರ್ಜಿ ತುಂಬಲು ಯಾರು ಕೂರುವುದು? ಇವುಗಳಿಗೆ ಯಾವ ಮೇಲಧಿಕಾರಿಯ ಅನುಮತಿಯೂ ಬೇಡ.

ಇವುಗಳಲ್ಲಿ ಮೊದಲನೆಯದರ ಬಗ್ಗೆ ನನಗೆ ಸ್ವಲ್ಪ ಹಟವಿದೆ. ಸಾಮಾನ್ಯವಾಗಿ ಅನುಭವಿ ಶಿಕ್ಷಕರು ಮೇಲಿನ ತರಗತಿಗಳನ್ನು ತೆಗೆದುಕೊಳ್ಳುತ್ತಾರೆ, ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿ ಹೊಸಬರಿಗೋ ಅತಿಥಿ ಶಿಕ್ಷಕರಿಗೋ ಹೋಗುತ್ತದೆ. ಮನೆಯಲ್ಲಿ ಓದು ಬರಹ ಬಲ್ಲವರಿಲ್ಲದ ಮಗುವಿಗೆ ಮೊದಲ ಎರಡು ವರ್ಷದಲ್ಲಿ ಅಕ್ಷರ ಹತ್ತದಿದ್ದರೆ, ಏಳನೆಯ ತರಗತಿಯಲ್ಲಿ ಎಂಥ ನಿಪುಣ ಶಿಕ್ಷಕರಿದ್ದರೂ ಆ ಅಂತರವನ್ನು ಮುಚ್ಚುವುದು ಕಷ್ಟ. ಶಾಲೆಯ ಅತ್ಯುತ್ತಮ ಶಿಕ್ಷಕರು ಒಂದನೆಯ ತರಗತಿಯಲ್ಲಿ ಇರಬೇಕು. ನಲಿ-ಕಲಿ ಹುಟ್ಟಿದ್ದೇ 1995ರಲ್ಲಿ, ನಮ್ಮ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಇಲ್ಲಿನಂತೆಯೇ ಕಾಡಂಚಿನ ಹಾಡಿಗಳಿರುವ ನಾಡಿನಲ್ಲಿ. ಅದನ್ನು ‘ಸುಲಭದ ತರಗತಿ’ ಎಂದು ಭಾವಿಸಿದವರು ಅದನ್ನು ಅರ್ಥ ಮಾಡಿಕೊಂಡಿಲ್ಲ.

ನಾನು ಪ್ರಭಾರ ಮುಖ್ಯ ಶಿಕ್ಷಕಿ ಮಾತ್ರ. ಇವೆಲ್ಲ ನನಗೂ ಅನ್ವಯಿಸುತ್ತವೆಯೆ?

ಅನ್ವಯಿಸುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದಾಗ ಪ್ರತ್ಯೇಕ ಮುಖ್ಯ ಶಿಕ್ಷಕರ ಹುದ್ದೆ ಬರುತ್ತದೆ. ಕೊಡಗಿನ ಚದುರಿದ ವಸತಿಗಳ ನಡುವಿನ ಸಣ್ಣ ಶಾಲೆಗಳು ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದ ಇಲ್ಲಿ ಶಾಲೆಯನ್ನು ಮುನ್ನಡೆಸುವ ಕೆಲಸ ಎರಡು ತರಗತಿಗಳಿಗೆ ಪಾಠ ಹೇಳುತ್ತಲೇ ಬಿಸಿಯೂಟದ ಲೆಕ್ಕವನ್ನೂ ಬರೆಯುವ ಹಿರಿಯ ಶಿಕ್ಷಕರ ಮೇಲೆ ಬೀಳುತ್ತದೆ. ತರಬೇತಿಗಳನ್ನು ಬಡ್ತಿ ಪಡೆದ ಮುಖ್ಯ ಶಿಕ್ಷಕರಿಗೆ ಮಾತ್ರ ಏರ್ಪಡಿಸಿದರೆ, ಅತ್ಯಂತ ಅಗತ್ಯವಿರುವ ಮಕ್ಕಳ ಶಾಲೆಗಳೇ ಅದರಿಂದ ಹೊರಗುಳಿಯುತ್ತವೆ.

ಈಗಾಗಲೇ ತರಬೇತಿಗಳು ಸಾಕಷ್ಟಿವೆಯಲ್ಲ, ಇನ್ನೊಂದು ಏಕೆ?

ಇವೆ. ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯ ಅಡಿಯಲ್ಲಿ ಶಾಲಾ ನಾಯಕತ್ವಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದು 2012ರಿಂದ ಕೆಲಸ ಮಾಡುತ್ತಿದೆ. ರಾಜ್ಯ ಮಟ್ಟದಲ್ಲಿ ಧಾರವಾಡದಲ್ಲಿ ಶೈಕ್ಷಣಿಕ ನಿರ್ವಹಣೆಯ ತರಬೇತಿ ಸಂಸ್ಥೆಯಿದೆ, ನಮ್ಮ ಜಿಲ್ಲೆಗೆ ಕೂಡಿಗೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ. 2019ರಲ್ಲಿ ಆರಂಭವಾದ ನಿಷ್ಠಾ ತರಬೇತಿಯು ಶಿಕ್ಷಕರ ಜೊತೆಗೆ ಮುಖ್ಯ ಶಿಕ್ಷಕರನ್ನೂ ಒಳಗೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವರ್ಷಕ್ಕೆ ಕನಿಷ್ಠ 50 ಗಂಟೆಗಳ ನಿರಂತರ ವೃತ್ತಿಪರ ಕಲಿಕೆ ಶಿಕ್ಷಕರಿಗೂ ಶಾಲಾ ಮುಖ್ಯಸ್ಥರಿಗೂ ಇರಬೇಕು ಎನ್ನುತ್ತದೆ.

ಕೊರತೆಯಿರುವುದು ಗಂಟೆಗಳಲ್ಲಿ ಅಲ್ಲ, ಆ ಗಂಟೆಗಳನ್ನು ಬಳಸುವ ಬಗೆಯಲ್ಲಿ. ಸಮತೆಯನ್ನು ಐದು ದಿನದ ಶಿಬಿರದ ನಾಲ್ಕನೆಯ ದಿನ ಊಟದ ನಂತರ ಒಂದು ಅವಧಿಯ ಉಪನ್ಯಾಸವಾಗಿ ಇಟ್ಟರೆ, ಅದು ಟಿಪ್ಪಣಿ ಪುಸ್ತಕದಲ್ಲಿಯೇ ಉಳಿಯುತ್ತದೆ. ಹಾಜರಾತಿ, ದಾಖಲಾತಿ, ವೇಳಾಪಟ್ಟಿ, ಬಿಸಿಯೂಟ, ಪೋಷಕರ ಸಭೆ, ಪರೀಕ್ಷೆ ಎಂಬ ಪ್ರತಿಯೊಂದು ವಿಷಯದ ಒಳಗೂ ‘ಈ ನಿರ್ಧಾರದಿಂದ ಯಾವ ಮಗು ಹೊರಗುಳಿಯುತ್ತದೆ?’ ಎಂಬ ಪ್ರಶ್ನೆ ಬರಬೇಕು. ಹಾಗೆ ಬಂದರೆ ಸಮತೆಗೆ ಬೇರೆ ಅವಧಿಯೇ ಬೇಕಾಗುವುದಿಲ್ಲ.

ಹಾಗಾದರೆ ಹೊಸ ಮುಖ್ಯ ಶಿಕ್ಷಕರ ತಯಾರಿ ಹೇಗಿರಬೇಕು?

ಒಂದು ಪೂರ್ಣ ಶೈಕ್ಷಣಿಕ ವರ್ಷದಷ್ಟು ಉದ್ದವಾಗಿರಬೇಕು, ಏಕೆಂದರೆ ಕೊಡಗಿನ ಶಾಲೆಯ ಕಷ್ಟಗಳು ಋತುವಿಗೊಂದರಂತೆ ಬರುತ್ತವೆ. ಜೂನ್‌ನ ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯ ಮರುನೆನಪಿನ) ಸಮಯದಲ್ಲಿ ಕಾಣದ ಸಮಸ್ಯೆ ಜುಲೈನ ಮಳೆಯಲ್ಲಿ ಕಾಣುತ್ತದೆ, ಜುಲೈನಲ್ಲಿ ಕಾಣದ್ದು ಜನವರಿಯ ಕಾಫಿ ಕೊಯ್ಲಿನಲ್ಲಿ ಎದ್ದು ಬರುತ್ತದೆ.

ಪ್ರಭಾರ ವಹಿಸಿಕೊಂಡ ಮೊದಲ ತಿಂಗಳಲ್ಲಿ ಆಗಬೇಕಾದ ಕೆಲಸ ನಡಿಗೆ. ಶಾಲೆಗೆ ಮಕ್ಕಳು ಬರುವ ಪ್ರತಿಯೊಂದು ದಾರಿಯನ್ನೂ, ಅವರು ಹೊರಡುವ ಹೊತ್ತಿಗೇ ಹೊರಟು, ಒಮ್ಮೆಯಾದರೂ ಅವರ ಜೊತೆ ಕಾಲ್ನಡಿಗೆಯಲ್ಲಿ ಬರಬೇಕು. ಜೀಪಿನಲ್ಲಿ ಹೋಗಿ ನೋಡಿ ಬಂದರೆ ದೂರ ತಿಳಿಯುತ್ತದೆಯೇ ಹೊರತು ದಾರಿ ತಿಳಿಯುವುದಿಲ್ಲ. ಹಾಡಿಗೆ ಹೋಗುವಾಗ ಅಲ್ಲಿನ ಹಿರಿಯರಿಗೆ ಮೊದಲೇ ಹೇಳಿ, ಅವರ ಅನುಕೂಲ ಕೇಳಿ ಹೋಗುವುದು ಮರ್ಯಾದೆ. ತಪಾಸಣೆಗೆ ಬಂದವರಂತೆ ಪುಸ್ತಕ ಹಿಡಿದು ಹೋದರೆ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ.

ಎರಡನೆಯದಾಗಿ, ಅದೇ ಬಗೆಯ ಶಾಲೆಯನ್ನು ಚೆನ್ನಾಗಿ ನಡೆಸುತ್ತಿರುವ ಮುಖ್ಯ ಶಿಕ್ಷಕರೊಬ್ಬರ ಜೊತೆಗಾರಿಕೆ ಸಿಗಬೇಕು. ಅವರ ಶಾಲೆಯಲ್ಲಿ ಎರಡು ಮೂರು ದಿನ ಸುಮ್ಮನೆ ಕುಳಿತು ನೋಡುವುದು, ಬಳಿಕ ಅವರು ಹೊಸಬರ ಶಾಲೆಗೆ ಬರುವುದು, ತಿಂಗಳಿಗೊಮ್ಮೆ ಫೋನಿನಲ್ಲಾದರೂ ಮನಬಿಚ್ಚಿ ಮಾತನಾಡುವುದು. ಈ ಜೊತೆಗಾರರು ಮೌಲ್ಯಮಾಪನ ಮಾಡುವ ಅಧಿಕಾರಿಯಾಗಿರಬಾರದು. ತನ್ನ ಬಗ್ಗೆ ವರದಿ ಬರೆಯುವವರ ಮುಂದೆ ಯಾರೂ ತಮ್ಮ ಗೊಂದಲವನ್ನು ಹೇಳಿಕೊಳ್ಳುವುದಿಲ್ಲ.

ಮೂರನೆಯದು ಅಭಿನಯದ ಅಭ್ಯಾಸ. ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ಒಬ್ಬರು ಕಾರ್ಮಿಕರ ಮೇಲ್ವಿಚಾರಣೆ ನೋಡುವ ತೋಟದ ರೈಟರ್ ಆಗಿ, ಇನ್ನೊಬ್ಬರು ಮಗುವಿನ ತಾಯಿಯಾಗಿ, ಮತ್ತೊಬ್ಬರು ಮುಖ್ಯ ಶಿಕ್ಷಕರಾಗಿ ಮಾತನಾಡಿ ನೋಡಲಿ. ಮೊದಲಿಗೆ ಎಲ್ಲರೂ ನಗುತ್ತಾರೆ. ಸ್ವಲ್ಪ ಹೊತ್ತಿನಲ್ಲಿ, ತಾಯಿಯ ಪಾತ್ರ ಮಾಡಿದವರು ಎದುರಿನ ಕುರ್ಚಿಯಲ್ಲಿ ಕೂರಲು ಯಾರೂ ಹೇಳಲಿಲ್ಲ ಎಂಬುದನ್ನು ಗಮನಿಸುತ್ತಾರೆ. ಆ ಕ್ಷಣವನ್ನು ಯಾವ ಉಪನ್ಯಾಸದಿಂದಲೂ ತರಿಸಲಾಗದು.

ನಾಲ್ಕನೆಯದು, ತಿಂಗಳಿಗೊಂದು ಪುಟದಂತೆ ತಾವು ಮಾಡಿದ ನಿರ್ಧಾರಗಳನ್ನು ಬರೆದಿಡುವ ಸ್ವಂತ ದಿನಚರಿ. ಅದನ್ನು ಇಲಾಖೆ ಕೇಳಬಾರದು. ಕೇಳಿದರೆ ಅದೂ ಇನ್ನೊಂದು ನಮೂನೆಯಾಗಿಬಿಡುತ್ತದೆ.

ಹಾಜರಾತಿ ಪುಸ್ತಕ ದಿನವೂ ತುಂಬುತ್ತೇವೆ, ಇಲಾಖೆಯ ಗಣಕೀಕೃತ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿಯೂ ದಾಖಲಿಸುತ್ತೇವೆ. ಅದರಲ್ಲಿ ಹೊಸದಾಗಿ ಏನು ನೋಡಬೇಕು?

ಒಟ್ಟು ಸರಾಸರಿಯನ್ನು ಒಡೆದು ನೋಡಬೇಕು. ಒಂದು ಲೆಕ್ಕವನ್ನು ಊಹಿಸಿಕೊಳ್ಳಿ: ಶಾಲೆಯಲ್ಲಿ 50 ಮಕ್ಕಳಿದ್ದಾರೆ, ದಿನಕ್ಕೆ ಸರಾಸರಿ 43 ಮಂದಿ ಬರುತ್ತಾರೆ, ಅಂದರೆ ಹಾಜರಾತಿ ಶೇಕಡಾ 86. ಯಾವ ಅಧಿಕಾರಿಯೂ ಇದಕ್ಕೆ ಆಕ್ಷೇಪಿಸುವುದಿಲ್ಲ. ಈಗ ಅದೇ 50 ಮಕ್ಕಳನ್ನು ವಾಸಸ್ಥಳದ ಪ್ರಕಾರ ಬೇರ್ಪಡಿಸಿ. ಊರಿನ 40 ಮಕ್ಕಳಲ್ಲಿ 38 ಮಂದಿ, ಹಾಡಿಯ 10 ಮಕ್ಕಳಲ್ಲಿ 5 ಮಂದಿ ಬರುತ್ತಿದ್ದರೂ ಒಟ್ಟು 43 ಆಗುತ್ತದೆ. ಒಂದು ಕಡೆ ಶೇಕಡಾ 95, ಇನ್ನೊಂದು ಕಡೆ ಶೇಕಡಾ 50. ಅರ್ಧ ವರ್ಷ ಶಾಲೆಯನ್ನೇ ಕಾಣದ ಮಕ್ಕಳನ್ನು 86 ಎಂಬ ಸಂಖ್ಯೆ ಮರೆಮಾಡಿಬಿಟ್ಟಿತು.

ಹೀಗೆ ವಾಸಸ್ಥಳ, ಹೆಣ್ಣು-ಗಂಡು, ಮನೆಮಾತು, ತಿಂಗಳು ಮತ್ತು ವಾರದ ದಿನದ ಪ್ರಕಾರ ಒಡೆದು ನೋಡಿದಾಗ ಪ್ರತಿ ಶಾಲೆಯೂ ತನ್ನದೇ ಕಥೆ ಹೇಳುತ್ತದೆ. ಗೈರುಹಾಜರಿ ಸಂತೆಯ ಮರುದಿನ ಹೆಚ್ಚಿದ್ದರೆ ಕಾರಣ ಒಂದು, ಕೊಯ್ಲಿನ ತಿಂಗಳಲ್ಲಿ ಹೆಚ್ಚಿದ್ದರೆ ಕಾರಣ ಇನ್ನೊಂದು. ಈ ಕೆಲಸಕ್ಕೆ ಗಣಕಯಂತ್ರ ಬೇಕಿಲ್ಲ. ಗೆರೆ ಹಾಕಿದ ಒಂದು ಹಾಳೆ ಮತ್ತು ಒಂದು ಸಂಜೆ ಸಾಕು.

ಎಚ್ಚರಿಕೆಯ ಮಾತೊಂದಿದೆ. ಹೀಗೆ ಬೇರ್ಪಡಿಸಿದ ಹಾಳೆಯು ಮುಖ್ಯ ಶಿಕ್ಷಕರ ಮೇಜಿನ ಒಳಗಿರಬೇಕು, ಫಲಕದ ಮೇಲಲ್ಲ. ‘ಎಸ್.ಟಿ. ಮಕ್ಕಳು ಎದ್ದು ನಿಲ್ಲಿ, ವಿದ್ಯಾರ್ಥಿವೇತನದ ಹೆಸರು ಬರೆಯಬೇಕು’ ಎಂದು ತರಗತಿಯಲ್ಲಿ ಕೂಗುವ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ಸೌಲಭ್ಯ ಕೊಡುವ ಕೈಯೇ ಮಗುವಿನ ತಲೆಯನ್ನು ತಗ್ಗಿಸುತ್ತದೆ. ದಾಖಲಾತಿ ವಹಿಯಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಮಗುವಿನ ಬಾಯಿಂದ ಮತ್ತೆ ಕೇಳುವ ಅಗತ್ಯವೇ ಇಲ್ಲ.

ತರಗತಿಯಲ್ಲಿ ಐದಾರು ಮನೆಮಾತುಗಳಿವೆ. ಕನ್ನಡ ಬಾರದ ಮಕ್ಕಳಿಗೆ ಏನು ಮಾಡಬೇಕು?

ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ತಮಿಳು, ಎರವರ ಮಾತು, ಜೇನು ಕುರುಬರ ಮಾತು, ಈಚೆಗೆ ಅಸ್ಸಾಮಿ, ಬಂಗಾಳಿ: ಇಷ್ಟು ಸಣ್ಣ ಜಿಲ್ಲೆಯಲ್ಲಿ ಇಷ್ಟು ಭಾಷೆಗಳು. ಕೊಡವ ಭಾಷೆಗೆ 1994ರಿಂದ, ಅರೆಭಾಷೆಗೆ 2011ರಿಂದ ಸರ್ಕಾರದ ಅಕಾಡೆಮಿಗಳಿವೆ. ಎರವರ ಮಗುವಿನ ಮಾತಿಗೆ ಇರುವುದು ಅದರ ಅಜ್ಜಿ ಮಾತ್ರ. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವು ಕಾರ್ಯಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕು ಎನ್ನುತ್ತದೆ. ಐದು ಭಾಷೆಗಳ ತರಗತಿಯಲ್ಲಿ ಇದನ್ನು ಅಕ್ಷರಶಃ ಪಾಲಿಸಲಾಗದು, ಆದರೆ ಅದರ ಆಶಯವನ್ನು ಪಾಲಿಸಬಹುದು.

ಕನ್ನಡ ಕಲಿಸುವುದು ಶಾಲೆಯ ಕರ್ತವ್ಯ. ಆದರೆ ಕಲಿಯುವವರೆಗೆ ಮಗು ಮೂಕವಾಗಿ ಕೂರಬೇಕೆಂದಿಲ್ಲ. ಅದೇ ಮಾತನ್ನು ಆಡುವ ಹಿರಿಯ ಮಕ್ಕಳನ್ನು ಮೊದಲ ತಿಂಗಳುಗಳಲ್ಲಿ ಜೊತೆಗೆ ಕೂರಿಸಬಹುದು. ಹಾಡಿಯ ಒಬ್ಬ ಯುವತಿಯನ್ನೋ ಅಜ್ಜಿಯನ್ನೋ ವಾರಕ್ಕೊಮ್ಮೆ ಕಥೆ ಹೇಳಲು ಕರೆಯಬಹುದು. ಒಂದನೆಯ ತರಗತಿಯ ಶಿಕ್ಷಕರು ಮಕ್ಕಳ ಭಾಷೆಯ ಐವತ್ತು ಪದಗಳನ್ನು ಕಲಿತು, ಗೋಡೆಯ ಮೇಲೆ ಕನ್ನಡ ಪದದ ಜೊತೆ ಕನ್ನಡ ಲಿಪಿಯಲ್ಲೇ ಬರೆದು ಅಂಟಿಸಬಹುದು. ‘ನೀರು ಬೇಕು’, ‘ಹೊರಗೆ ಹೋಗಬೇಕು’, ‘ಹೊಟ್ಟೆ ನೋಯುತ್ತಿದೆ’ ಎಂಬ ಮೂರು ಮಾತುಗಳು ಶಿಕ್ಷಕರಿಗೆ ಅರ್ಥವಾದರೆ ಅರ್ಧ ಅಳು ನಿಲ್ಲುತ್ತದೆ. ಹೊಸ ಮುಖ್ಯ ಶಿಕ್ಷಕರ ತರಬೇತಿಯಲ್ಲಿ, ಅವರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಒಂದು ಗಂಟೆಯ ಪಾಠವನ್ನು ಕೇಳಿಸಿ, ಕೊನೆಯಲ್ಲಿ ಪ್ರಶ್ನೆ ಕೇಳುವುದು ಬಹಳ ಪ್ರಯೋಜನಕಾರಿ. ಉತ್ತರ ತಿಳಿಯದೆ ಕುಳಿತ ಮಗುವನ್ನು ‘ಮಂದಬುದ್ಧಿ’ ಎನ್ನುವ ಬಾಯಿ ಆ ಬಳಿಕ ತಡೆಯುತ್ತದೆ.

ಕೊಯ್ಲಿನ ಕಾಲದಲ್ಲಿ ಕುಟುಂಬಗಳು ತೋಟದಿಂದ ತೋಟಕ್ಕೆ ಹೋಗುತ್ತವೆ. ದಾಖಲೆ ಪತ್ರಗಳಿಲ್ಲದೆ ಬರುವ ಮಕ್ಕಳನ್ನು ಸೇರಿಸಿಕೊಳ್ಳಬಹುದೆ?

ಸೇರಿಸಿಕೊಳ್ಳಲೇಬೇಕು. ಹೊಸಬರು ತಪ್ಪಾಗಿ ತಿಳಿದುಕೊಂಡಿರುವ ವಿಷಯಗಳಲ್ಲಿ ಇದಕ್ಕೆ ಮೊದಲ ಸ್ಥಾನ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 14ನೆಯ ಪ್ರಕರಣದ ಪ್ರಕಾರ, ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. 5ನೆಯ ಪ್ರಕರಣದ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂಬುದು ಪ್ರವೇಶ ತಡೆಯಲು ಕಾರಣವಾಗದು. ಮಾತ್ರವಲ್ಲ, ವರ್ಗಾವಣೆ ಪತ್ರವನ್ನು ಕೂಡಲೇ ಕೊಡದೆ ವಿಳಂಬ ಮಾಡುವ ಮುಖ್ಯ ಶಿಕ್ಷಕರು ಶಿಸ್ತುಕ್ರಮಕ್ಕೆ ಒಳಗಾಗುತ್ತಾರೆ. ಶಾಲೆಯ ಮಕ್ಕಳ ಸಂಖ್ಯೆ ಕಡಿಮೆಯಾದೀತು, ಹುದ್ದೆ ಹೋದೀತು ಎಂಬ ಭಯದಿಂದ ಟಿ.ಸಿ. ಕೊಡಲು ವಾರಗಟ್ಟಲೆ ಅಲೆಸುವುದನ್ನು ನಾನು ಕಂಡಿದ್ದೇನೆ. ಭಯ ಅರ್ಥವಾಗುವಂಥದ್ದೇ, ಆದರೆ ಅದರ ಬೆಲೆ ತೆರುವುದು ಮಗು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಕಲಿಕೆಗೆ ವಿಶೇಷ ತರಬೇತಿ ಕೊಡುವುದು 4ನೆಯ ಪ್ರಕರಣದ ವಿಧಿ. ಹತ್ತು ವರ್ಷದ ಮಗುವನ್ನು ಆರು ವರ್ಷದವರ ಜೊತೆ ಕೂರಿಸುವುದು ಕಾನೂನಿಗೂ ಸಲ್ಲದು, ಮಗುವಿನ ಮಾನಕ್ಕೂ ಸಲ್ಲದು.

ಕಾಲದ ಲೆಕ್ಕ ಮೊದಲೇ ಗೊತ್ತಿರುತ್ತದೆ. ಅರೇಬಿಕಾ ಕೊಯ್ಲು ಸುಮಾರು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ, ಅದರ ಬೆನ್ನಿಗೇ ಕರಿಮೆಣಸು. ಅಕ್ಟೋಬರ್‌ನಲ್ಲಿಯೇ ಸುತ್ತಲಿನ ತೋಟಗಳ ರೈಟರ್‌ಗಳನ್ನು ಭೇಟಿಯಾಗಿ, ಹೊಸದಾಗಿ ಬರುವ ಕುಟುಂಬಗಳಲ್ಲಿ ಶಾಲೆಯ ವಯಸ್ಸಿನ ಮಕ್ಕಳಿದ್ದರೆ ತಿಳಿಸುವಂತೆ ಕೇಳಿಕೊಳ್ಳಬಹುದು. ಹೆಚ್ಚಿನವರು ಸಹಕರಿಸುತ್ತಾರೆ, ಏಕೆಂದರೆ 14 ವರ್ಷದೊಳಗಿನ ಮಕ್ಕಳು ಕೊಯ್ಲಿನಲ್ಲಿ ಸಿಕ್ಕಿಬಿದ್ದರೆ ಕಾನೂನಿನ ತೊಂದರೆ ತೋಟಕ್ಕೂ ಇದೆ.

ದೊಡ್ಡ ಹುಡುಗಿಯರ ಗೈರುಹಾಜರಿಗೆ ಬೇರೆಯೇ ಕಾರಣವಿರುತ್ತದೆ: ತಾಯಿ ಕೊಯ್ಲಿಗೆ ಹೋದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಅವರೇ. 50 ಅಥವಾ ಅದಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಣ್ಣ ತೋಟಗಳು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಆದ್ದರಿಂದ ಆರನೆಯ ತರಗತಿಯ ಹುಡುಗಿಯ ಹಾಜರಾತಿಗೆ ಪರಿಹಾರ ಹಲವು ಬಾರಿ ಅಂಗನವಾಡಿ ಕಾರ್ಯಕರ್ತೆಯ ಬಳಿ ಇರುತ್ತದೆ. ಅವರೊಡನೆ ಮಾತನಾಡದೆ ಹುಡುಗಿಯನ್ನು ಗದರಿದರೆ ಏನೂ ಆಗದು.

ಮಳೆ ಮತ್ತು ಆನೆಗಳ ವಿಚಾರದಲ್ಲಿ ಶಾಲೆ ಏನು ಮಾಡಬಲ್ಲದು?

ಭಾಗಮಂಡಲ, ನಾಪೋಕ್ಲು ಕಡೆ ರಸ್ತೆ ಮುಳುಗಿದಾಗ, ಕರಡಿಗೋಡಿನಂಥ ನದಿದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಜಿಲ್ಲಾಡಳಿತ ರಜೆ ಸಾರುತ್ತದೆ. ಕಷ್ಟ ಇರುವುದು ರಜೆಯಿಲ್ಲದ ಮಳೆಯ ದಿನಗಳಲ್ಲಿ. ಒದ್ದೆಯಾಗಿ ಬಂದ ಮಕ್ಕಳಿಗೆ ಬದಲಾಯಿಸಲು ಹತ್ತು ಜೊತೆ ಹಳೆಯ ಬಟ್ಟೆ, ಅಡುಗೆ ಕೋಣೆಯ ಬೆಂಕಿಯ ಬಳಿ ಒಣಗಿಸಲು ಒಂದು ಹಗ್ಗ, ಸಮವಸ್ತ್ರ ಒಣಗದಿದ್ದರೆ ಬೇರೆ ಬಟ್ಟೆಯಲ್ಲಿ ಬರಬಹುದೆಂಬ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಡಿಲಿಕೆ: ಇವು ಖರ್ಚಿಲ್ಲದ ಏರ್ಪಾಡುಗಳು. ಮಾಲ್ದಾರೆ, ತಿತಿಮತಿ, ಸಿದ್ದಾಪುರದ ಸುತ್ತಮುತ್ತ ಆನೆಗಳ ಓಡಾಟ ಮುಂಜಾನೆಯೂ ಇರುವುದರಿಂದ, ಅಲ್ಲಿನ ಶಾಲೆಗಳಲ್ಲಿ ಮೊದಲ ಅವಧಿಯಲ್ಲಿ ಗಣಿತದ ಹೊಸ ಪಾಠ ಇಡದೆ, ತಡವಾಗಿ ಬಂದವರೂ ಸೇರಿಕೊಳ್ಳಬಹುದಾದ ಓದು, ಚಿತ್ರ, ಪುನರಾವರ್ತನೆ ಇಡುವುದು ಜಾಣತನ. ಮಕ್ಕಳು ಗುಂಪಾಗಿ, ಒಬ್ಬ ಹಿರಿಯರ ಜೊತೆ ಬರುವ ವ್ಯವಸ್ಥೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಮೂಲಕ ಮಾಡಿಕೊಳ್ಳಬೇಕು.

ಎಸ್.ಡಿ.ಎಂ.ಸಿ.ಯಲ್ಲಿ ಯಾವಾಗಲೂ ಅದೇ ನಾಲ್ಕು ಜನ ಮಾತನಾಡುತ್ತಾರೆ. ಏನು ಮಾಡಬೇಕು?

ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಪ್ರಕರಣದ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಗುಂಪುಗಳ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಕಾಗದದ ಮೇಲೆ ಇದು ಎಲ್ಲೆಡೆ ಇದೆ. ಆದರೆ ಕೂಲಿಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಲೈನ್ ಮನೆಯ ತಾಯಿ ಒಂದು ದಿನದ ಸಂಬಳ ಬಿಟ್ಟು ಬರಬೇಕಾಗುತ್ತದೆ; ಅವರು ಬರುವುದಿಲ್ಲ, ಸಹಿ ಮಾತ್ರ ಆಮೇಲೆ ಮನೆಗೆ ಹೋಗಿ ಬರುತ್ತದೆ. ಕೆಲಸ ಮುಗಿದ ಸಂಜೆ, ಅಥವಾ ತೋಟಕ್ಕೆ ರಜೆಯಿರುವ ದಿನ, ವರ್ಷಕ್ಕೆ ಎರಡು ಬಾರಿಯಾದರೂ ಹಾಡಿಯಲ್ಲೇ ಸಭೆ ಮಾಡಿದರೆ ಚಿತ್ರ ಬದಲಾಗುತ್ತದೆ. ಎಲ್ಲರಿಗೂ ಒಂದೇ ಬಗೆಯ ಕುರ್ಚಿ, ಎಲ್ಲರಿಗೂ ಒಂದೇ ಲೋಟದ ಚಹಾ. ಮಾತು ಮೊದಲು ಯಾರಿಂದ ಆರಂಭವಾಗಬೇಕೆಂಬುದನ್ನು ಮುಖ್ಯ ಶಿಕ್ಷಕರು ಮನಸ್ಸಿನಲ್ಲೇ ನಿರ್ಧರಿಸಿಕೊಂಡಿರಬೇಕು; ತೋಟದ ಮಾಲೀಕರು ಮಾತನಾಡಿದ ಮೇಲೆ ಅವರ ಕೂಲಿಯವರು ಬಾಯಿ ತೆರೆಯುವುದು ಅಪರೂಪ.

‘ಅವರು ಬರುವುದೇ ಊಟಕ್ಕೆ’ ಎನ್ನುವ ಸಹೋದ್ಯೋಗಿಗಳನ್ನು ಹೇಗೆ ಬದಲಾಯಿಸುವುದು?

ಭಾಷಣದಿಂದ ಆಗದು, ನೋಟಿಸಿನಿಂದಂತೂ ಆಗದು. ಊಟಕ್ಕೆ ಬಂದರೂ ಬಂದಿದ್ದಾರಲ್ಲ, ಊಟದ ಹೊತ್ತಿನವರೆಗೆ ಅವರಿಗೆ ಏನು ಕಲಿಸಿದೆವು ಎಂದು ಶಾಂತವಾಗಿ ಕೇಳುವುದರಿಂದ ಸಂಭಾಷಣೆ ಆರಂಭವಾಗಬಹುದು. ಪರಿಣಾಮ ಬೀರುವುದು ಸಾಕ್ಷ್ಯ. ಆ ಶಿಕ್ಷಕರೊಡನೆಯೇ ಕುಳಿತು, ಒಂದು ಮಗುವನ್ನು ಆರಿಸಿಕೊಂಡು, ಆರು ವಾರ ದಿನಕ್ಕೆ ಇಪ್ಪತ್ತು ನಿಮಿಷ ಓದು ಕಲಿಸಿ, ಮೊದಲ ದಿನದ ಮತ್ತು ಕೊನೆಯ ದಿನದ ಬರಹವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು. ತಾವೇ ಕಲಿಸಿದ ಮಗುವಿನ ಬಗ್ಗೆ ಹಗುರವಾಗಿ ಮಾತನಾಡುವ ಶಿಕ್ಷಕರು ಕಡಿಮೆ.

ಇದರ ಜೊತೆಗೆ ರಾಜಿಯಿಲ್ಲದ ಗೆರೆಯೂ ಒಂದಿರಬೇಕು. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ನಿಷೇಧಿಸಿದೆ. ಜಾತಿಯ ಹೆಸರು ಹಿಡಿದು ಹೀಯಾಳಿಸುವುದು, ಶೌಚಾಲಯ ತೊಳೆಯಲು ನಿರ್ದಿಷ್ಟ ಸಮುದಾಯದ ಮಕ್ಕಳನ್ನೇ ಕಳುಹಿಸುವುದು, ಊಟದ ಸಾಲಿನಲ್ಲಿ ಬೇರೆ ಕೂರಿಸುವುದು ಕಂಡಾಗ ಮುಖ್ಯ ಶಿಕ್ಷಕರು ಆ ದಿನವೇ, ಆ ಜಾಗದಲ್ಲೇ ನಿಲ್ಲಿಸಬೇಕು. ಅಲ್ಲಿ ಮೌನವಾಗಿರುವುದನ್ನು ಇಡೀ ಶಾಲೆ ಒಪ್ಪಿಗೆಯೆಂದೇ ಓದುತ್ತದೆ.

ವಿಶೇಷ ಅಗತ್ಯವುಳ್ಳ ಮಕ್ಕಳ ಬಗ್ಗೆ ತಿಳಿದಿರಬೇಕಾದ್ದೇನು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ, ಕಲಿಕಾ ನ್ಯೂನತೆಯೂ ಅವುಗಳಲ್ಲಿ ಒಂದು. ಕಣ್ಣಿಗೆ ಕಾಣುವ ನ್ಯೂನತೆಯನ್ನು ಶಾಲೆ ಬೇಗ ಗುರುತಿಸುತ್ತದೆ. ಅರ್ಧ ಕಿವುಡು, ಮಂದ ದೃಷ್ಟಿ ವರ್ಷಗಟ್ಟಲೆ ‘ಗಮನವಿಲ್ಲ’ ಎಂಬ ಹೆಸರಿನಲ್ಲಿ ಸಾಗುತ್ತವೆ. ಜೂನ್‌ನಲ್ಲಿಯೇ ಎಲ್ಲ ಮಕ್ಕಳ ದೃಷ್ಟಿ ಮತ್ತು ಶ್ರವಣ ತಪಾಸಣೆ ಆಗುವಂತೆ ಆರೋಗ್ಯ ಕೇಂದ್ರದೊಡನೆ ಮಾತನಾಡಿಕೊಳ್ಳಿ. ಗುಡ್ಡದ ಮೇಲಿನ ಶಾಲೆಗಳಲ್ಲಿ ಇಳಿಜಾರು ದಾರಿ ಕಟ್ಟಿದ್ದರೂ ಗೇಟಿನಿಂದ ಅದರವರೆಗೆ ಮೆಟ್ಟಿಲುಗಳೇ ಇರುವುದು ಅಪರೂಪವಲ್ಲ.

ಪ್ರೌಢಶಾಲೆಯಲ್ಲಿ ಫಲಿತಾಂಶದ ಒತ್ತಡವಿದೆ. ಸಮತೆ ಮತ್ತು ಫಲಿತಾಂಶ ಎರಡನ್ನೂ ಸಾಧಿಸಲು ಆಗುತ್ತದೆಯೆ?

ಆಗುತ್ತದೆ, ಆದರೆ ಒಂಬತ್ತನೆಯ ತರಗತಿಯಲ್ಲಿಯೇ ಆರಂಭಿಸಿದರೆ ಮಾತ್ರ. ಶೇಕಡಾ ನೂರರ ಆಸೆಗೆ ಬಿದ್ದು, ನಿಧಾನವಾಗಿ ಕಲಿಯುವವರನ್ನು ‘ಈ ವರ್ಷ ಬೇಡ, ಆಮೇಲೆ ಖಾಸಗಿಯಾಗಿ ಕಟ್ಟು’ ಎಂದು ಮೆಲ್ಲಗೆ ಹೊರಗೆ ಸರಿಸುವ ಶಾಲೆಗಳಿವೆ. ಅಲ್ಲಿ ಫಲಿತಾಂಶ ಏರುತ್ತದೆ, ಮಗು ಮತ್ತೆ ಬರುವುದಿಲ್ಲ. ಆದ್ದರಿಂದ ತರಬೇತಿಯಲ್ಲಿ ಹೊಸ ಮುಖ್ಯೋಪಾಧ್ಯಾಯರಿಗೆ ಎರಡು ಸಂಖ್ಯೆಗಳನ್ನು ಒಟ್ಟಿಗೆ ನೋಡಲು ಕಲಿಸಬೇಕು: ಪರೀಕ್ಷೆಗೆ ಕುಳಿತವರಲ್ಲಿ ತೇರ್ಗಡೆಯಾದವರೆಷ್ಟು, ಎಂಟನೆಯ ತರಗತಿಗೆ ಸೇರಿದವರಲ್ಲಿ ತೇರ್ಗಡೆಯಾದವರೆಷ್ಟು.

ಖಾಸಗಿ ಶಾಲೆಗಳ ಪ್ರಾಂಶುಪಾಲರಿಗೆ ಇದು ಸಂಬಂಧಿಸಿದೆಯೆ?

ಸಂಬಂಧಿಸಿದೆ. ಶಿಕ್ಷಣ ಹಕ್ಕು ಕಾಯ್ದೆಯ 12ನೆಯ ಪ್ರಕರಣದಡಿ ಬಡ ಮತ್ತು ಅವಕಾಶವಂಚಿತ ಮಕ್ಕಳಿಗಿದ್ದ ಶೇಕಡಾ 25ರಷ್ಟು ಸ್ಥಾನಗಳ ಅವಕಾಶವು, 2019-20ನೆಯ ಸಾಲಿಗೆ ಮುನ್ನ ಕರ್ನಾಟಕ ತನ್ನ ನಿಯಮ ತಿದ್ದಿದ ಮೇಲೆ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ಕಡೆ ಇಲ್ಲವಾಯಿತು. ಆದರೂ ಪ್ರವೇಶದ ವೇಳೆ ಮಗುವನ್ನೋ ಪೋಷಕರನ್ನೋ ಪರೀಕ್ಷೆ, ಸಂದರ್ಶನಗಳ ಮೂಲಕ ಸೋಸುವುದು 13ನೆಯ ಪ್ರಕರಣದಡಿ ಇಂದಿಗೂ ನಿಷಿದ್ಧವೇ. ಶುಲ್ಕ ಬಾಕಿಯಿರುವ ಮಕ್ಕಳ ಹೆಸರನ್ನು ತರಗತಿಯಲ್ಲಿ ಓದದಿರುವುದಕ್ಕೆ ಯಾವ ಕಾಯ್ದೆಯೂ ಬೇಕಾಗಿಲ್ಲ.

ತಯಾರಿ ಫಲ ಕೊಟ್ಟಿದೆಯೆಂದು ಹೇಗೆ ತಿಳಿಯುವುದು?

ತರಬೇತಿಯ ಕೊನೆಯ ದಿನ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರದಿಂದ ತಿಳಿಯದು; ಊಟ ಚೆನ್ನಾಗಿದ್ದರೆ ಅದರಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದೇ ಇರುತ್ತದೆ. ಒಂದು ವರ್ಷದ ಬಳಿಕ ಶಾಲೆಗೆ ಹೋಗಿ ಮೂರು ವಿಷಯಗಳನ್ನು ನೋಡಬಹುದು. ಹಾಡಿಯ ಮತ್ತು ಊರಿನ ಮಕ್ಕಳ ಹಾಜರಾತಿಯ ನಡುವಿನ ಅಂತರ ಜೂನ್‌ನಿಂದ ಮಾರ್ಚ್‌ಗೆ ಕಡಿಮೆಯಾಗಿದೆಯೆ? ಎರಡನೆಯ ತರಗತಿಯಲ್ಲಿ ಸರಳ ವಾಕ್ಯ ಓದಲಾರದ ಮಕ್ಕಳು ಯಾರೆಂದು ಕೇಳಿದರೆ ಮುಖ್ಯ ಶಿಕ್ಷಕರು ಪುಸ್ತಕ ನೋಡದೆ ಅವರ ಹೆಸರುಗಳನ್ನು ಹೇಳಬಲ್ಲರೆ? ಮೂರನೆಯದನ್ನು ಕಚೇರಿಯ ಹೊರಗೆ ಸ್ವಲ್ಪ ಹೊತ್ತು ನಿಂತರೆ ಕಾಣಬಹುದು: ತೋಟದ ಕೆಲಸದ ಬಟ್ಟೆಯಲ್ಲೇ ಬಂದ ತಾಯಿಯೊಬ್ಬರು ಬಾಗಿಲ ಬಳಿ ಚಪ್ಪಲಿ ಬಿಟ್ಟು ಹೊರಗೇ ನಿಂತಿದ್ದಾರೆಯೋ, ಒಳಗೆ ಬಂದು ಕುರ್ಚಿಯಲ್ಲಿ ಕುಳಿತು ಮಾತನಾಡುತ್ತಿದ್ದಾರೆಯೋ.